ಹಿತ್ತಲ ಓಣಿ: ಪ್ಲೇಗಿನ ಭಯದಲ್ಲಿ ಬೆಂಗಳೂರು ಏನು ಕಟ್ಟಿತು?

 ಇವತ್ತಿನ ಕಂತನ್ನ ಒಂದು ಓಣಿಯಿಂದ ಶುರು ಮಾಡ್ತೀನಿ.

ಮಲ್ಲೇಶ್ವರದ ಹಳೇ ಅಡ್ಡರಸ್ತೆಗಳಲ್ಲಿ ಓಡಾಡಿದವರಿಗೆ ಇದು ಗೊತ್ತಿರುತ್ತೆ. ಮನೆಗಳ ಮುಂದೆ ಅಗಲವಾದ ರಸ್ತೆ, ಮರಗಳ ನೆರಳು. ಆದರೆ ಎರಡು ಸಾಲು ಮನೆಗಳ ಬೆನ್ನಿಗೆ ಬೆನ್ನು ತಾಗೋ ಜಾಗದಲ್ಲಿ ಇನ್ನೊಂದು ಕಿರಿದಾದ ದಾರಿ ಇರುತ್ತೆ. ಯಾವ ಮನೆಯ ಬಾಗಿಲೂ ಅದಕ್ಕೆ ಮುಖ ಮಾಡಿರೋದಿಲ್ಲ. ಈಗ ಅಲ್ಲಿ ಸ್ಕೂಟರ್ ನಿಂತಿರುತ್ತೆ, ಒಡೆದ ಕುಂಡಗಳು ಬಿದ್ದಿರುತ್ತವೆ. ಕೆಲವು ಕಡೆ ಗೋಡೆಗಳಿಗೆ ಚಂದದ ಚಿತ್ರ ಬರೆದಿದ್ದಾರೆ. ಪಾಲಿಕೆಯ ಕಡತದಲ್ಲಿ ಇದರ ಹೆಸರು ಕನ್ಸರ್ವೆನ್ಸಿ ಲೇನ್. ಜನರ ಬಾಯಲ್ಲಿ ಕನ್ಸರ್ವೆನ್ಸಿ ಓಣಿ.

ಈ ಓಣಿ ಯಾಕೆ ಬೇಕಿತ್ತು? ಇದನ್ನ ಯಾರಿಗೋಸ್ಕರ ಮಾಡಿದರು? ಈ ಎರಡು ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದರೆ ಬೆಂಗಳೂರಿನ ಪುರಸಭೆಯ ಇತಿಹಾಸವೇ ಬಿಚ್ಚಿಕೊಳ್ಳುತ್ತೆ.

ಮೊದಲು ಪುರಸಭೆಯ ವಿಷಯ. 1862ರವರೆಗೆ ಬೆಂಗಳೂರಿನಲ್ಲಿ ಊರಿನ ಕೆಲಸಕ್ಕೆ ಅಂತ ಒಂದು ಪ್ರತ್ಯೇಕ ಮಂಡಳಿ ಇರಲಿಲ್ಲ. 1850ರ ಪಟ್ಟಣ ಸುಧಾರಣಾ ಕಾಯ್ದೆಯ ಅಡಿಯಲ್ಲಿ, 1862ರಲ್ಲಿ, ಹಳೇ ಪೇಟೆಯ ಒಂಬತ್ತು ಜನ ಪ್ರಮುಖರು ಸೇರಿ ಒಂದು ಮುನ್ಸಿಪಲ್ ಬೋರ್ಡ್ ಆಯಿತು. ಅಂಥದ್ದೇ ಇನ್ನೊಂದು ಬೋರ್ಡ್ ದಂಡು ಪ್ರದೇಶಕ್ಕೆ, ಅಂದರೆ ಕಂಟೋನ್ಮೆಂಟಿಗೆ ಆಯಿತು. ಒಂದೇ ಊರು, ಎರಡು ಮಂಡಳಿ. 1881ರಲ್ಲಿ ಎರಡಕ್ಕೂ ಕಾನೂನಿನ ಮಾನ್ಯತೆ ಸಿಕ್ಕಿತು. ಮರುವರ್ಷ ಅರ್ಧದಷ್ಟು ಸದಸ್ಯರನ್ನ ಚುನಾವಣೆಯಿಂದ ಆರಿಸಬಹುದು ಅಂತಾಯಿತು, ಆಸ್ತಿ ತೆರಿಗೆಯೂ ಬಂತು.

ಇಲ್ಲಿ ಒಂದು ವಿಷಯ ನೆನಪಲ್ಲಿಟ್ಟುಕೊಳ್ಳಿ. ಆಗಿನ ಮತ ಎಲ್ಲರ ಮತ ಆಗಿರಲಿಲ್ಲ. ಆಸ್ತಿ ಇದ್ದವರು, ತೆರಿಗೆ ಕಟ್ಟುವವರು, ಊರಲ್ಲಿ ಹೆಸರಿದ್ದವರು ಒಬ್ಬರನ್ನೊಬ್ಬರು ಆರಿಸಿಕೊಳ್ಳುವ ವ್ಯವಸ್ಥೆ ಅದು. ಊರಿನ ಕಸ ಎತ್ತುವವರು, ಚರಂಡಿ ಬಳಿಯುವವರು ಆ ಮೇಜಿನ ಸುತ್ತ ಕೂತಿರಲಿಲ್ಲ. ಅವರ ಕೆಲಸದ ಬಗ್ಗೆ ಮಾತ್ರ ಅಲ್ಲಿ ತೀರ್ಮಾನ ಆಗ್ತಿತ್ತು.

ಈ ಸಭೆಗಳ ಮುಂದಿದ್ದ ವಿಷಯಗಳನ್ನ ನೋಡಿದರೆ ಇವತ್ತಿನ ಪಟ್ಟಿಯೇ ಅನ್ನಿಸುತ್ತೆ. ಕುಡಿಯೋ ನೀರು, ಚರಂಡಿ, ಬೀದಿ ದೀಪ, ಮಾರುಕಟ್ಟೆಯ ಕೊಳಕು, ಇಕ್ಕಟ್ಟಾದ ರಸ್ತೆ. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ ಎಲ್ಲ ಕೆಂಪೇಗೌಡರ ಕಾಲದ ಮಾದರಿಯಲ್ಲಿ ಬೆಳೆದ ಬೀದಿಗಳು. ಮುಂದೆ ಅಂಗಡಿ, ಹಿಂದೆ ಮನೆ. ಒಂದು ಮನೆಯ ಗೋಡೆಗೆ ಇನ್ನೊಂದು ಮನೆಯ ಗೋಡೆ. ನೀರು ಬಾವಿಯಿಂದ, ಕೆರೆಯಿಂದ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದ ನಡುವಿನ ವರ್ಷಗಳಲ್ಲಿ, ಹೆಸರಘಟ್ಟದಿಂದ ಕೊಳಾಯಿ ನೀರು ತರುವ ಯೋಜನೆ ಆಯಿತು. ಪೇಟೆಯ ಒತ್ತಡ ಇಳಿಸೋದಕ್ಕೆ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಯೋಜನೆಯೂ ಆಗಲೇ ಸಿದ್ಧವಾಗಿತ್ತು.

ಆದರೆ ಜನ ಹೋಗಬೇಕಲ್ಲ! ಅಂಗಡಿ ಪೇಟೆಯಲ್ಲಿ, ನೆಂಟರು ಪೇಟೆಯಲ್ಲಿ, ದೇವಸ್ಥಾನ ಪೇಟೆಯಲ್ಲಿ. ಕಾಡು ಮಲ್ಲೇಶ್ವರನ ಗುಡಿ ಹತ್ತಿರ ಹೋಗಿ ಮನೆ ಕಟ್ಟಿಕೊಳ್ಳಿ ಅಂದರೆ, ಹೆಸರಲ್ಲೇ ಕಾಡಿದೆ, ಯಾರು ಹೋಗ್ತಾರೆ? ಬಡಾವಣೆ ಕಾಗದದ ಮೇಲೆ ಬೇಗ ಬೆಳೆಯಿತು, ನೆಲದ ಮೇಲೆ ನಿಧಾನವಾಗಿ.

ಆಮೇಲೆ 1898 ಬಂತು.

ಎರಡು ವರ್ಷ ಮುಂಚೆ, 1896ರಲ್ಲಿ, ಬೊಂಬಾಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತ್ತು. ಅಲ್ಲಿಂದ ಪುಣೆ, ಹುಬ್ಬಳ್ಳಿ, ಧಾರವಾಡ. ಧಾನ್ಯದ ಮೂಟೆ ಹೊತ್ತ ರೈಲು ಎಲ್ಲೆಲ್ಲಿ ಹೋಗ್ತಿತ್ತೋ ಅಲ್ಲಲ್ಲಿ ಇಲಿಯೂ ಹೋಗ್ತಿತ್ತು. 1898ರ ಆಗಸ್ಟ್‌ನಲ್ಲಿ ರೋಗ ಅದೇ ರೈಲು ದಾರಿಯಲ್ಲಿ ಬೆಂಗಳೂರಿಗೆ ಇಳಿಯಿತು.

ನಮ್ಮ ಕಡೆ ಹಿರಿಯರು "ಇಲಿ ಬಿತ್ತು" ಅಂತಿದ್ದರು. ಆ ಎರಡೇ ಮಾತು ಸಾಕಾಗಿತ್ತು. ಅಟ್ಟದಿಂದ ಒಂದು ಇಲಿ ತಾನಾಗಿ ಬಿದ್ದು ಸತ್ತರೆ ಮನೆಮಂದಿಯೆಲ್ಲ ಪಾತ್ರೆ-ಪಡಗ ಕಟ್ಟಿಕೊಂಡು ಊರ ಹೊರಗೆ ಗುಡಿಸಲು ಹಾಕಿಕೊಳ್ಳೋರು. ತೊಡೆಸಂದಿನಲ್ಲೋ ಕಂಕುಳಲ್ಲೋ ಗಡ್ಡೆ ಎದ್ದರೆ ಮುಗೀತು. ಜನ ಪ್ಲೇಗಿಗೂ ಒಂದು ಅಮ್ಮನನ್ನ ಕಂಡುಕೊಂಡರು. ಪ್ಲೇಗ್ ಮಾರಮ್ಮನ ಗುಡಿಗಳು ಬೆಂಗಳೂರಲ್ಲಿ ಇವತ್ತಿಗೂ ಇವೆ.

ಆಡಳಿತದ ಕಷ್ಟ ಏನಂದರೆ, ರೋಗದ ಕ್ರಿಮಿ 1894ರಲ್ಲೇ ಪತ್ತೆಯಾಗಿದ್ದರೂ ಅದು ಮನುಷ್ಯನಿಗೆ ಹೇಗೆ ದಾಟುತ್ತೆ ಅನ್ನೋದು ಇನ್ನೂ ಇತ್ಯರ್ಥ ಆಗಿರಲಿಲ್ಲ. ಇಲಿಯ ಮೈಮೇಲಿನ ಚಿಗಟವೇ ಕಾರಣ ಅಂತ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ 1898ರಲ್ಲೇ ಹೇಳಿದರೂ ಅದನ್ನ ಎಲ್ಲರೂ ಒಪ್ಪೋದಕ್ಕೆ ವರ್ಷಗಳೇ ಹಿಡಿದವು. ಹಾಗಾಗಿ ಅಧಿಕಾರಿಗಳ ಕಣ್ಣಲ್ಲಿ ಶತ್ರುಗಳು ಬೇರೆಯೇ ಇದ್ದರು: ಕೊಳಕು, ಕತ್ತಲೆ, ಕೆಟ್ಟ ಗಾಳಿ, ಇಕ್ಕಟ್ಟು. ಜೊತೆಗೆ ಕೊಳಕಿನ ಕೆಲಸ ಮಾಡುವ ಜನರ ಮೇಲೂ ಅನುಮಾನ.

ಮೈಸೂರು ಸರ್ಕಾರ ವಿ.ಪಿ. ಮಾಧವರಾವ್ ಅವರನ್ನ ಪ್ಲೇಗ್ ಕಮಿಷನರ್ ಮಾಡಿತು. ಇವರು ಮುಂದೆ ಮೈಸೂರಿನ ದಿವಾನರಾದವರು. ಬೆಂಗಳೂರಿಗೆ ಒಬ್ಬ ಆರೋಗ್ಯಾಧಿಕಾರಿ ಬಂದರು. ಊರನ್ನ ನಾಲ್ಕು ವಾರ್ಡುಗಳಾಗಿ ಹಂಚಿದರು. ರೋಗದ ಸುದ್ದಿ ಬೇಗ ತಲುಪಲಿ ಅಂತ ದೂರವಾಣಿ ತಂತಿ ಎಳೆದರು. ಹೌದು, ಬೆಂಗಳೂರಿಗೆ ಟೆಲಿಫೋನ್ ಬಂದ ಕತೆಯಲ್ಲಿ ಪ್ಲೇಗಿನ ಪಾತ್ರ ಇದೆ. ಹೊಸ ಮನೆ ಕಟ್ಟೋದಕ್ಕೆ ನೈರ್ಮಲ್ಯದ ನಿಯಮಗಳು ಬಂದವು. ಪೇಟೆಯ ಒತ್ತೊತ್ತಾದ ಮನೆಗಳನ್ನ ಕೆಡವಿದರು. 1897ರಲ್ಲಿ ಅಡಿಗಲ್ಲು ಬಿದ್ದಿದ್ದ ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು.

ಇದೆಲ್ಲ ಸಲೀಸಾಗಿ ನಡೆದಿರೋದಕ್ಕೆ ಸಾಧ್ಯ ಇಲ್ಲ. ಮನೆಗೆ ನುಗ್ಗಿ ತಪಾಸಣೆ ಮಾಡೋದು, ರೋಗಿಯನ್ನ ಮನೆಯವರಿಂದ ಬೇರೆ ಮಾಡೋದು, ಇದ್ದ ಗೋಡೆ ಕೆಡವೋದು ಅಂದರೆ ಸುಮ್ಮನೆ ಅಲ್ಲ. ಪುಣೆಯಲ್ಲಿ ಇಂಥ ಕ್ರಮಗಳ ಮೇಲಿನ ಸಿಟ್ಟಿಗೆ ಪ್ಲೇಗ್ ಅಧಿಕಾರಿ ರಾಂಡ್ ಅವರ ಕೊಲೆಯೇ ಆಗಿತ್ತು, 1897ರ ಜೂನ್‌ನಲ್ಲಿ. ಆ ಸುದ್ದಿ ಗೊತ್ತಿದ್ದ ಅಧಿಕಾರಿಗಳೇ ಬೆಂಗಳೂರಿನಲ್ಲೂ ಮನೆಮನೆ ಬಾಗಿಲು ತಟ್ಟಿದ್ದು.

1891ರ ಜನಗಣತಿಯಲ್ಲಿ ಪೇಟೆ ಮತ್ತು ದಂಡು ಸೇರಿ ಸುಮಾರು 1.80 ಲಕ್ಷ ಜನ ಇದ್ದರು. 1901ರ ಹೊತ್ತಿಗೆ ಅದು ಸುಮಾರು 1.59 ಲಕ್ಷಕ್ಕೆ ಇಳಿದಿತ್ತು. ಸತ್ತವರು, ಊರು ಬಿಟ್ಟವರು ಇಬ್ಬರೂ ಆ ಲೆಕ್ಕದಲ್ಲಿದ್ದಾರೆ. ಬೆಳೆಯುವುದನ್ನೇ ಅಭ್ಯಾಸ ಮಾಡಿಕೊಂಡ ಬೆಂಗಳೂರು ಒಂದು ದಶಕದಲ್ಲಿ ಹೀಗೆ ಕುಗ್ಗಿತ್ತು.

ಈಗ ಬಡಾವಣೆಗಳಿಗೆ ಬರೋಣ. ಭಯ ಇದ್ದಾಗ ಕಾಡೂ ಊರಾಗುತ್ತೆ. ಹೋಗೋದಕ್ಕೆ ಹಿಂಜರಿದಿದ್ದವರೇ ಮಲ್ಲೇಶ್ವರ, ಬಸವನಗುಡಿ ಕಡೆ ಹೊರಟರು. ನೇರವಾದ ರಸ್ತೆ, ಅಳತೆಯ ನಿವೇಶನ, ಮನೆ ಸುತ್ತ ಗಾಳಿ-ಬೆಳಕಿಗೆ ಬಿಟ್ಟ ಜಾಗ. ದಂಡು ಪ್ರದೇಶದಲ್ಲೂ ಇದೇ ಯೋಚನೆ ಮುಂದುವರಿಯಿತು. ಮುಂದಿನ ದಶಕದಲ್ಲಿ ಅಲ್ಲಿ ಫ್ರೇಜರ್ ಟೌನ್ ಎದ್ದಿತು, ಈಗಿನ ಪುಲಿಕೇಶಿನಗರ. ಇಲಿ ಸೇರದ ಹಾಗೆ ಮನೆ ಕಟ್ಟೋದು ಹೇಗೆ ಅನ್ನೋದೇ ಅಲ್ಲಿನ ಯೋಜನೆಯ ಮುಖ್ಯ ಪ್ರಶ್ನೆ. ಪ್ಲೇಗ್ ತಡೆಯುವ ಪಟ್ಟಣ ಯೋಜನೆ ಅಂತಲೇ ಜೆ.ಎಚ್. ಸ್ಟೀಫನ್ಸ್ ಅನ್ನುವವರು 1914ರಲ್ಲಿ ಬೆಂಗಳೂರಿನ ಈ ಅನುಭವದ ಮೇಲೆ ಪುಸ್ತಕ ಬರೆದರು.

ನಾನು ಇದನ್ನ ಹಗುರವಾಗಿ ನೋಡ್ತಿಲ್ಲ. ಸಾವಿನ ನಡುವೆ ನಿಂತು, ಮುಂದಿನ ಐವತ್ತು ವರ್ಷಕ್ಕೆ ಊರು ಹೇಗಿರಬೇಕು ಅಂತ ಯೋಚನೆ ಮಾಡಿದವರು ಅವರು. ಅಗಲವಾದ ಆ ರಸ್ತೆಗಳಲ್ಲಿ ನಾವು ಇವತ್ತು ಉಸಿರಾಡ್ತಿದ್ದೀವಿ ಅಂದರೆ ಅವರ ಋಣ ಇದೆ.

ಆದರೆ ನಮ್ಮ ಓಣಿಯ ಪ್ರಶ್ನೆ ಹಾಗೇ ಉಳೀತಲ್ಲ?

ಬಡಾವಣೆಯಲ್ಲಿ ರಸ್ತೆ ಇತ್ತು, ನೀರು ಬರ್ತಿತ್ತು, ಒಳಚರಂಡಿ ಇರಲಿಲ್ಲ. ಪ್ರತಿ ಮನೆಯ ಹಿತ್ತಲ ಕೊನೆಯಲ್ಲಿ ಒಣ ಪಾಯಿಖಾನೆ. ಅದಕ್ಕೆ ಹಿಂದಿನ ಗೋಡೆಯಲ್ಲಿ, ನೆಲಮಟ್ಟದಲ್ಲಿ, ಒಂದು ಸಣ್ಣ ಕಿಂಡಿ. ಬೆಳಗ್ಗೆ ಬೆಳಗ್ಗೆ ಒಬ್ಬರು ಹಿಂದಿನ ಓಣಿಯಲ್ಲಿ ಬಂದು, ಆ ಕಿಂಡಿಯಿಂದ ಮಲವನ್ನ ಬಾಚಿ, ಬಕೆಟ್ಟಿಗೋ ಬುಟ್ಟಿಗೋ ತುಂಬಿ, ಹೊತ್ತು ಗಾಡಿಗೆ ಹಾಕಬೇಕು. ಅವರು ಮನೆಯೊಳಗೆ ಕಾಲಿಡಬೇಕಾಗಿಲ್ಲ. ಮುಂದಿನ ರಸ್ತೆಯಲ್ಲಿ ಕಾಣಿಸಿಕೊಳ್ಳಬೇಕಾಗಿಲ್ಲ. ಮನೆಯವರು ಅವರ ಮುಖ ನೋಡಬೇಕಾಗಿಲ್ಲ.

ಇದೇ ಕನ್ಸರ್ವೆನ್ಸಿ ಓಣಿ. ನಕ್ಷೆಯಲ್ಲಿ ಇದು ಆರೋಗ್ಯದ ವ್ಯವಸ್ಥೆ. ಕೊಳಕು ಒಂದು ದಾರಿ, ಜನ ಇನ್ನೊಂದು ದಾರಿ. ಆ ಕಾಲದ ವಿಜ್ಞಾನಕ್ಕೆ ಸರಿಯಾಗಿಯೇ ಇತ್ತು. ಆದರೆ ನಮ್ಮ ಸಮಾಜಕ್ಕೆ ಅದು ಅದಕ್ಕಿಂತ ಚೆನ್ನಾಗಿ ಹೊಂದಿಕೊಂಡಿತು. ಊರ ಹೊರಗೆ ಕೇರಿ ಇಡೋ ಹಳೇ ಪದ್ಧತಿಗೆ ಹೊಸ ಬಡಾವಣೆಯಲ್ಲಿ ಅಳತೆ ಹಾಕಿದ ದಾರಿಯೊಂದು ಸಿಕ್ಕಿತು, ಮುನ್ಸಿಪಾಲಿಟಿಯ ಮುದ್ರೆ ಸಮೇತ. ನಿವೇಶನ ಹಂಚುವಾಗಲೂ ಜಾತಿ, ಸಮುದಾಯದ ಲೆಕ್ಕ ನಡೆದಿತ್ತು. ಹೊಸ ಊರಿಗೆ ಜನ ತಮ್ಮ ಹಳೇ ಊರನ್ನ ಹೊತ್ತುಕೊಂಡೇ ಬಂದರು.

ಹಾಗಾದರೆ ಸುರಕ್ಷತೆ ಅಂದಾಗ ಯಾರ ಸುರಕ್ಷತೆ? ಮುಂಬಾಗಿಲಲ್ಲಿ ನಿಂತವರದ್ದು. ಹಿಂದಿನ ಕಿಂಡಿಯ ಹತ್ತಿರ ಕೂತವರ ಆರೋಗ್ಯ ಯಾವ ಬಡಾವಣೆಯ ನಕ್ಷೆಯಲ್ಲೂ ಇರಲಿಲ್ಲ.

ಇದು ಬ್ರಿಟಿಷರ ಕಾಲದ ಮಾತು ಅಂತ ಕೈತೊಳೆದುಕೊಳ್ಳೋಹಾಗಿಲ್ಲ. 1913ರಲ್ಲಿ ಕೆ.ಪಿ. ಪುಟ್ಟಣ್ಣ ಚೆಟ್ಟಿ ಅವರು ಸಿಟಿ ಮುನ್ಸಿಪಾಲಿಟಿಯ ಅಧ್ಯಕ್ಷರಾದರು, ಮುಂದೆ ಆ ಸ್ಥಾನಕ್ಕೆ ಚುನಾವಣೆಯೂ ಬಂತು. 1949ರಲ್ಲಿ ಪೇಟೆ, ದಂಡು ಎರಡೂ ಸೇರಿ ಒಂದು ಕಾರ್ಪೊರೇಷನ್ ಆಯಿತು. ಎಲ್ಲರಿಗೂ ಮತ ಬಂತು. ಮಲ ಹೊರುವುದು ಮಾತ್ರ ನಿಲ್ಲಲಿಲ್ಲ. 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನ ನಿಷೇಧಿಸಿದರು. ಹೊಸ ಬಡಾವಣೆಗಳು ಎದ್ದು ಮುಕ್ಕಾಲು ಶತಮಾನ ಆದ ಮೇಲೆ! ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟಿತು. ಸಂಸತ್ತಿನ ಕಾನೂನು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ ಬಂತು. ಇಷ್ಟಾದರೂ ಮ್ಯಾನ್‌ಹೋಲ್‌ಗೆ ಇಳಿದು ಸತ್ತವರ ಸುದ್ದಿ ನಾವು ಓದ್ತಾನೇ ಇದ್ದೀವಿ. ಓಣಿ ನೆಲದ ಕೆಳಗೆ ಹೋಗಿದೆ, ಅಷ್ಟೇ.

ಕೊನೆಗೆ ಇವತ್ತಿನ ಒಂದು ಮಾತು. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ 2025ರಲ್ಲಿ ಪಾಲಿಕೆಯನ್ನೇ ಐದು ಭಾಗ ಮಾಡುವವರೆಗೂ ಈ ಊರಿಗೆ ಚುನಾಯಿತ ಸಭೆಯೇ ಇರಲಿಲ್ಲ. ಅದರ ಮಧ್ಯೆ ಕೋವಿಡ್‌ನ ಎರಡನೇ ಅಲೆ ಬಂದು ಹೋಯಿತು. ಲಾಕ್‌ಡೌನ್‌ನಲ್ಲಿ ನಾವೆಲ್ಲ ಒಳಗಿದ್ದಾಗ ಬೆಳಗ್ಗೆ ಆರು ಗಂಟೆಗೆ ಬೀದಿಯಲ್ಲಿ ಇದ್ದವರು ಯಾರು ಅಂತ ನೆನಪು ಮಾಡಿಕೊಳ್ಳಿ. ಅವರಿಗೆ ಮಾಸ್ಕು, ಕೈಗವಸು ಸಿಕ್ಕಿತಾ ಅಂತ ಸಭೆಯಲ್ಲಿ ಎದ್ದು ನಿಂತು ಕೇಳೋದಕ್ಕೆ ಒಬ್ಬ ವಾರ್ಡ್ ಸದಸ್ಯ ಬೇಕಾಗಿತ್ತು. 1862ರ ಒಂಬತ್ತು ಜನರ ಬೋರ್ಡು ಎಷ್ಟೇ ಅರೆಕೊರೆ ಇದ್ದರೂ ಕೂತು ಮಾತಾಡೋ ಒಂದು ಜಾಗ ಆಗಿತ್ತು. ಆ ಜಾಗವನ್ನ ದೊಡ್ಡದು ಮಾಡ್ತಾ, ಹಿಂದಿನ ಓಣಿಯವರನ್ನೂ ಮೇಜಿನ ಹತ್ತಿರ ಕರೆಯೋದೇ ಪುರಸಭೆಯ ನಿಜವಾದ ಇತಿಹಾಸ. ಸಭೆಯೇ ಇಲ್ಲದಿದ್ದರೆ ಕರೆಯೋದು ಎಲ್ಲಿಗೆ?

ಕಾರ್ಪೊರೇಷನ್ ಕಚೇರಿ ಹತ್ತಿರದ ಟೌನ್‌ಹಾಲ್‌ಗೆ ಪುಟ್ಟಣ್ಣ ಚೆಟ್ಟಿ ಅವರ ಹೆಸರೇ ಇದೆ. ಅದರ ಮೆಟ್ಟಿಲ ಮೇಲೆ ಸಂಬಳಕ್ಕೆ, ಕೆಲಸದ ಕಾಯಂಗೆ ಪೌರಕಾರ್ಮಿಕರು ಕೂತಿದ್ದನ್ನ ನಾನು ನೋಡಿದ್ದೀನಿ. ಹಿತ್ತಲ ಕಿಂಡಿಯಿಂದ ಆ ಮೆಟ್ಟಿಲವರೆಗೆ ಬರೋದಕ್ಕೆ ಅವರಿಗೆ ನೂರು ವರ್ಷದ ಮೇಲಾಯಿತು. ಒಳಗೆ ಹೋಗೋದಕ್ಕೆ ಇನ್ನೂ ಕೆಲವೇ ಮೆಟ್ಟಿಲು ಬಾಕಿ.

ಮುಂದಿನ ಸಲ ನಿಮ್ಮ ಬಡಾವಣೆಯಲ್ಲಿ ವಾರ್ಡ್ ಸಮಿತಿ ಸಭೆ ಇದ್ದರೆ ಹೋಗಿ. ರಸ್ತೆ ಗುಂಡಿ ಬಗ್ಗೆ ಕೇಳಿ, ದೀಪದ ಬಗ್ಗೆ ಕೇಳಿ. ಜೊತೆಗೆ ನಿಮ್ಮ ಮನೆ ಹಿಂದಿನ ಓಣಿಯನ್ನ ಗುಡಿಸೋರಿಗೆ ಈ ತಿಂಗಳ ಸಂಬಳ ಆಯಿತಾ ಅಂತಲೂ ಕೇಳಿ.