ಹೆಚ್ಚುವರಿ ಸಮಯ, ಎರಡನೆಯ ಅವಕಾಶ: ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ನ್ಯಾಯದ ಅಳತೆ

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಯಾರಿಗೆ ಸಲ್ಲಬೇಕೆಂಬ ಬಗ್ಗೆ ಕಾನೂನಿನ ಮಟ್ಟದಲ್ಲಿ ಈಗ ದೊಡ್ಡ ತಕರಾರು ಉಳಿದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವುಗಳನ್ನು ಹೆಸರಿಸಿಯೇ ಹೇಳುತ್ತದೆ. 2018ರ ಕೇಂದ್ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷವೆಂದು ಗೊತ್ತುಮಾಡಿತು. 2021ರ ಫೆಬ್ರುವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದ ತೀರ್ಪು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಲಿಪಿಕಾರರನ್ನು ಪಡೆಯಲು ಶೇ 40ರಷ್ಟು ವೈಕಲ್ಯ ಇರಲೇಬೇಕೆಂಬ ಷರತ್ತನ್ನು ತಳ್ಳಿಹಾಕಿದರು. ಇಷ್ಟನ್ನು ಇಲ್ಲಿ ಚರ್ಚಿಸುವುದಿಲ್ಲ.

ತಕರಾರು ಉಳಿದಿರುವುದು ಮಾಪನದ ವಿದ್ವಾಂಸರಲ್ಲಿ. ಎಸ್.ಇ. ಫಿಲಿಪ್ಸ್ 1994ರಲ್ಲಿ ಎತ್ತಿದ ಪ್ರಶ್ನೆಗಳ ಪೈಕಿ ಒಂದು ಇಂದಿಗೂ ಚಾಲ್ತಿಯಲ್ಲಿದೆ: ಅದೇ ಸೌಲಭ್ಯವನ್ನು ವೈಕಲ್ಯವಿಲ್ಲದ ವಿದ್ಯಾರ್ಥಿಗೆ ಕೊಟ್ಟರೆ ಅವನ ಅಂಕವೂ ಏರುತ್ತದೆಯೇ? ಏರುವುದಾದರೆ, ಆ ಸೌಲಭ್ಯ ತೊಡಕನ್ನು ನೀಗಿಸುವುದಲ್ಲ, ಅನುಕೂಲವನ್ನೇ ಕೊಡುತ್ತದೆ ಎಂಬುದು ಈ ವಾದದ ಜಾಡು. 2000ದಲ್ಲಿ ಝುರಿಫ್ ಲಭ್ಯವಿದ್ದ ಅಧ್ಯಯನಗಳನ್ನು ಪರಿಶೀಲಿಸಿ, ಹೆಚ್ಚುವರಿ ಸಮಯದಿಂದ ಕಲಿಕಾ ನ್ಯೂನತೆಯುಳ್ಳವರಿಗೆ ಮಾತ್ರ ಲಾಭವೆಂಬ ನಂಬಿಕೆಗೆ ಬಲವಾದ ಆಧಾರವಿಲ್ಲ ಎಂದರು. 2005ರಲ್ಲಿ ಸಿರೆಸಿ ಮತ್ತು ಸಂಗಡಿಗರು ಇದನ್ನು ತಿದ್ದಿದರು: ಲಾಭ ಎಲ್ಲರಿಗೂ ಉಂಟು, ಆದರೆ ವೈಕಲ್ಯವುಳ್ಳವರಿಗೆ ಹೆಚ್ಚು.

ಫಿಲಿಪ್ಸ್ ಅವರ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವೇಗವನ್ನೇ ಅಳೆಯುವ ಪರೀಕ್ಷೆಗೆ, ಉದಾಹರಣೆಗೆ ಬೆರಳಚ್ಚು ಪರೀಕ್ಷೆಗೆ, ಅದು ಸರಿ. ಎಸ್ಸೆಸ್ಸೆಲ್ಸಿ ಅಂಥದ್ದಲ್ಲ. ಪ್ರಥಮ ಭಾಷೆ ಕನ್ನಡದ ಪತ್ರಿಕೆಯಲ್ಲಿ ಬರುವ ಪ್ರಸ್ತಾರದ ಪ್ರಶ್ನೆಯನ್ನು ಗಮನಿಸಿ. ಕಣ್ಣಿರುವ ವಿದ್ಯಾರ್ಥಿನಿ ಪದ್ಯದ ಸಾಲನ್ನು ನೋಡುತ್ತಾಳೆ. ಮುಂದೆ ಒತ್ತಕ್ಷರವಿರುವುದು ಕಾಣುತ್ತಲೇ ಹಿಂದಿನ ಅಕ್ಷರದ ಮೇಲೆ ಗುರುವಿನ ಗೆರೆ ಎಳೆಯುತ್ತಾಳೆ. ಲಿಪಿಕಾರರ ಮೂಲಕ ಬರೆಯಿಸುವ ಅಂಧ ವಿದ್ಯಾರ್ಥಿನಿ ಅದೇ ಸಾಲನ್ನು ಓದಿಸಿಕೊಳ್ಳಬೇಕು, ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು, ಒಂದೊಂದೇ ಅಕ್ಷರಕ್ಕೆ ಗುರು, ಲಘು ಎಂದು ಹೇಳಬೇಕು. ಹೇಳಿದ್ದು ಸರಿಯಾದ ಅಕ್ಷರದ ನೆತ್ತಿಯ ಮೇಲೇ ಬಿತ್ತೇ ಎಂದು ಮತ್ತೆ ಓದಿಸಿ ಖಾತ್ರಿಪಡಿಸಿಕೊಳ್ಳಬೇಕು. ಆಮೇಲೆ ಗಣ ವಿಭಾಗ. ಛಂದಸ್ಸಿನ ತಿಳಿವಳಿಕೆ ಇಬ್ಬರಲ್ಲೂ ಒಂದೇ. ಗಂಟೆಗೆ 20 ನಿಮಿಷ ಆ ತಿಳಿವಳಿಕೆಗೆ ಸೇರಿಸುವುದು ಏನೂ ಇಲ್ಲ. ಅದು ಕಾಗದದ ಮೇಲೆ ಬರಲು ದಾರಿ ಬಿಡುತ್ತದೆ, ಅಷ್ಟೆ. ಇದೇ ಹೆಚ್ಚುವರಿ ಸಮಯದಿಂದ ಮೂರನೆಯ ವಿದ್ಯಾರ್ಥಿಯೊಬ್ಬನ ಅಂಕವೂ ಏರಿತೆನ್ನಿ. ಅದರಿಂದ ರುಜುವಾತಾಗುವುದು ಅವನಿಗೂ ಪತ್ರಿಕೆ ಉದ್ದವಾಗಿತ್ತು ಎಂಬುದು. ಪತ್ರಿಕೆಯ ಆ ದೋಷಕ್ಕೆ ಅಂಧ ವಿದ್ಯಾರ್ಥಿನಿಯ ಹಕ್ಕನ್ನು ತೆರುವಂತೆ ಮಾಡುವುದು ಯಾವ ನ್ಯಾಯ?

ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಪರೀಕ್ಷೆ ತಪ್ಪಿಸಿಕೊಂಡ ವಿದ್ಯಾರ್ಥಿಯ ಪ್ರಶ್ನೆಯನ್ನು ನಮ್ಮಲ್ಲಿ ಬೇರೆಯೇ ಕಡತದಲ್ಲಿ ಇಡುವ ರೂಢಿ. ಜ್ವರ, ಅಪಘಾತ, ಮನೆಯಲ್ಲಿ ಸಾವು, ಎಲ್ಲಕ್ಕೂ ಪೂರಕ ಪರೀಕ್ಷೆಯೇ ಉತ್ತರವಾಗಿತ್ತು. ಗೈರುಹಾಜರಾದವರೂ ಅನುತ್ತೀರ್ಣರಾದವರೂ ಅಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. 2023-24ನೇ ಸಾಲಿನಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಮೂರು ಪರೀಕ್ಷೆಗಳನ್ನು ತಂದಿತು. ಮೂರರಲ್ಲಿ ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ನನ್ನ ವಾದವೆಂದರೆ, ಈ ಎರಡನೆಯ ಅವಕಾಶವನ್ನೂ ಕಾಯ್ದೆ ಹೇಳುವ ಸಮಂಜಸ ಹೊಂದಾಣಿಕೆಯ ಭಾಗವಾಗಿ ಓದಬೇಕು. ಒಂದರಲ್ಲಿ ಗಡಿಯಾರ ಸಡಿಲಗೊಂಡರೆ ಇನ್ನೊಂದರಲ್ಲಿ ವೇಳಾಪಟ್ಟಿ ಸಡಿಲಗೊಳ್ಳುತ್ತದೆ.

ಇದಕ್ಕೆ ಆಧಾರ 2021ರ ನವೆಂಬರ್ 23ರಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದ ನೀಟ್ ಪ್ರಕರಣ. ಡಿಸ್‌ಗ್ರಾಫಿಯಾ ಇದ್ದ ವಿದ್ಯಾರ್ಥಿನಿಗೆ ಕೇಂದ್ರದಲ್ಲಿ ಹೆಚ್ಚುವರಿ ಒಂದು ಗಂಟೆ ಸಿಗಲಿಲ್ಲ. ಅನ್ಯಾಯವಾಗಿದೆ ಎಂದು ನ್ಯಾಯಾಲಯ ಒಪ್ಪಿತು, ಸರಿಪಡಿಸುವ ದಾರಿಯನ್ನು ಪರಿಶೀಲಿಸುವಂತೆ ಪರೀಕ್ಷಾ ಸಂಸ್ಥೆಗೆ ಹೇಳಿತು. ಮರುಪರೀಕ್ಷೆಗೆ ಮಾತ್ರ ಒಪ್ಪಲಿಲ್ಲ. ವರ್ಷಕ್ಕೊಂದೇ ಪರೀಕ್ಷೆ ಇರುವಲ್ಲಿ, ಕಸಿದುಕೊಂಡ ಗಂಟೆಯನ್ನು ಹಿಂತಿರುಗಿಸಲು ಜಾಗವೇ ಇರುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಈಗ ಆ ಜಾಗವಿದೆ.

ಈ ಮಾತಿಗೆ ಮಿತಿಗಳುಂಟು. ಮೂರು ಪರೀಕ್ಷೆಗಳನ್ನು ತಂದದ್ದು ವಿಕಲಚೇತನರಿಗಾಗಿ ಅಲ್ಲ. ಉದ್ದೇಶವನ್ನು ನಾನು ಮಂಡಲಿಯ ಮೇಲೆ ಹೊರಿಸುತ್ತಿಲ್ಲ, ಪರಿಣಾಮವನ್ನು ಮಾತ್ರ ಹೇಳುತ್ತಿದ್ದೇನೆ. ಪರೀಕ್ಷೆ-1ರಲ್ಲಿ ಸೌಲಭ್ಯ ನಿರಾಕರಿಸಿ, ಪರೀಕ್ಷೆ-2 ಇದೆಯಲ್ಲ ಎಂದು ಕೈತೊಳೆದುಕೊಳ್ಳಲು ಈ ವಾದ ನೆಪವಾಗಕೂಡದು. ತಡವಾದ ಫಲಿತಾಂಶದಿಂದ ಪಿಯುಸಿ ಸೇರ್ಪಡೆಯಲ್ಲಿ ಬೇಕಾದ ಕಾಲೇಜು ತಪ್ಪಿದರೆ ಅದೂ ನಷ್ಟವೇ. ನೀಟ್‌ನಂಥ ಸ್ಪರ್ಧಾತ್ಮಕ ಪರೀಕ್ಷೆಗೆ ಈ ತರ್ಕವನ್ನು ಹಾಗೆಯೇ ವಿಸ್ತರಿಸಬಹುದೆಂದೂ ನಾನು ಹೇಳುವುದಿಲ್ಲ. ಅಲ್ಲಿ ಒಬ್ಬರ ಅಂಕ ಇನ್ನೊಬ್ಬರ ಸೀಟು.

ಬಿಡಿಸಬೇಕಾದ ಗಂಟುಗಳು ಎರಡಾದರೂ ಇವೆ. ಮೂರು ಪತ್ರಿಕೆಗಳ ಕಾಠಿಣ್ಯ ಸಮನಾಗಿದೆಯೆಂದು ತೋರಿಸದೆ ಅವುಗಳ ಅಂಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ ಎಂಬುದು ಮೊದಲನೆಯದು. ಎರಡನೆಯದು ಲಿಪಿಕಾರರದು. ವಿದ್ಯಾರ್ಥಿಯೇ ಕರೆತರುವ ಲಿಪಿಕಾರರು ಅವರಿಗಿಂತ ಒಂದು ಹಂತ ಕೆಳಗಿನವರಿರಬೇಕೆಂದು 2018ರ ಮಾರ್ಗಸೂಚಿ ಹೇಳುತ್ತದೆ; ಎಸ್ಸೆಸ್ಸೆಲ್ಸಿಗೆ ಬಂದರೆ ಅದು ಸಾಮಾನ್ಯವಾಗಿ ಒಂಬತ್ತನೆಯ ತರಗತಿ. ಮಾರ್ಚ್‌ನಲ್ಲಿ ಜೊತೆಗೆ ಕೂತು ಬರೆದು ಪಳಗಿದ ಹುಡುಗ ಜೂನ್ ಹೊತ್ತಿಗೆ ಹತ್ತನೆಯ ತರಗತಿಗೆ ಕಾಲಿಟ್ಟಿರುತ್ತಾನೆ. ನಿಯಮವನ್ನು ಅಕ್ಷರಶಃ ಓದಿದರೆ ಅವನು ಮತ್ತೆ ಬರೆಯುವಂತಿಲ್ಲ. ಪ್ರಸ್ತಾರ ಹಾಕುವುದನ್ನು ಕೇಳಿ ಬರೆಯಬಲ್ಲ ಹೊಸಬನನ್ನು ಶಾಲೆ ತೆರೆಯುವ ವಾರದಲ್ಲೇ ಹುಡುಕಬೇಕು. ಲಿಪಿಕಾರರ ಅರ್ಹತೆಯನ್ನು ಮೂರೂ ಪರೀಕ್ಷೆಗಳಿಗೆ ಸೇರಿಸಿ ಒಮ್ಮೆಲೇ ನಿಗದಿಪಡಿಸಬಹುದೇ ಎಂಬುದನ್ನು ಮಂಡಲಿಯ ಆದೇಶಗಳನ್ನೂ ಕೇಂದ್ರಗಳ ನಿಜವಾದ ನಡೆಯನ್ನೂ ಎದುರುಬದುರಿಟ್ಟು ಯಾರಾದರೂ ಪರಿಶೀಲಿಸಬೇಕಿದೆ.