ವಿದ್ಯುತ್ ಕ್ಷೇತ್ರದ ನೆರವಿನಿಂದ ಲೋಹ ಮತ್ತು ಸೆರಾಮಿಕ್ ಪುಡಿಗಳ ಗಟ್ಟೀಕರಣ

ಪುಡಿಯನ್ನು ಅದರ ಕರಗುವ ಬಿಂದುವಿಗಿಂತ ಕಡಿಮೆ ಉಷ್ಣತೆಯಲ್ಲಿ ಕಾಯಿಸಿ, ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿ ವಸ್ತುವಾಗುವಂತೆ ಮಾಡುವ ಕ್ರಿಯೆಯನ್ನು ಸಿಂಟರಿಂಗ್ ಎನ್ನಲಾಗುತ್ತದೆ. ಕುಂಬಾರನ ಆವಿಗೆಯಲ್ಲಿ ಮಡಕೆ ಗಟ್ಟಿಯಾಗುವುದೂ ಇದಕ್ಕೆ ಹತ್ತಿರದ ಕ್ರಿಯೆಯೇ. ಸಾಮಾನ್ಯ ಕುಲುಮೆಯಲ್ಲಿ ಇದಕ್ಕೆ ಹಲವು ಗಂಟೆಗಳು ಬೇಕಾಗುತ್ತವೆ. ಕಣಗಳ ನಡುವಿನ ರಂಧ್ರಗಳು ಮುಚ್ಚುವಷ್ಟರಲ್ಲಿ ಹರಳುಗಳೂ ದೊಡ್ಡದಾಗಿ ಬೆಳೆದು, ವಸ್ತುವಿನ ಬಲ ಮತ್ತು ಗಡಸುತನ ಸಾಮಾನ್ಯವಾಗಿ ಕುಗ್ಗುತ್ತವೆ. ಶ್ರಮಪಟ್ಟು ತಯಾರಿಸಿದ ನ್ಯಾನೊ ಪುಡಿಯ ಪ್ರಯೋಜನವು ಹೀಗೆ ಕುಲುಮೆಯಲ್ಲೇ ನಷ್ಟವಾಗುತ್ತದೆ. ಹರಳು ಬೆಳೆಯಲು ಕಾಲಾವಕಾಶ ಕೊಡದೆ ಕಾಯಿಸುವ ಸಲುವಾಗಿ ವಿದ್ಯುತ್ತನ್ನು ಬಳಸಲಾಗುತ್ತದೆ.

ಹೆಚ್ಚು ಬಳಕೆಯಲ್ಲಿರುವ ವಿಧಾನವೆಂದರೆ ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್. ಪುಡಿಯನ್ನು ಗ್ರಾಫೈಟ್ ಅಚ್ಚಿನಲ್ಲಿ ತುಂಬಿ, ನಿರ್ವಾತದಲ್ಲಿ ಅಥವಾ ಆರ್ಗಾನ್ ಅನಿಲದಲ್ಲಿ, ಸಾಮಾನ್ಯವಾಗಿ 50ರಿಂದ 100 ಮೆಗಾಪಾಸ್ಕಲ್ ಒತ್ತಡದಲ್ಲಿ ಅದುಮಲಾಗುತ್ತದೆ. ಅದೇ ವೇಳೆಗೆ ಕೆಲವೇ ವೋಲ್ಟ್‌ಗಳ, ಆದರೆ ಸಾವಿರಾರು ಆಂಪಿಯರ್‌ಗಳವರೆಗಿನ ಏಕಮುಖ ವಿದ್ಯುತ್ತನ್ನು ಬಿಟ್ಟುಬಿಟ್ಟು ಹರಿಸಲಾಗುತ್ತದೆ. ಉಷ್ಣತೆಯು ನಿಮಿಷಕ್ಕೆ 100 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ವೇಗವಾಗಿ ಏರಬಲ್ಲದು. ಲೋಹದ ಪುಡಿಯಾದಲ್ಲಿ ವಿದ್ಯುತ್ತು ಪುಡಿಯ ಮೂಲಕವೂ ಹಾಯುತ್ತದೆ. ಅಲ್ಯೂಮಿನದಂತಹ ವಿದ್ಯುತ್ ನಿರೋಧಕ ಸೆರಾಮಿಕ್ ಆದಲ್ಲಿ ಅಚ್ಚು ಕಾದು ಪುಡಿಗೆ ಶಾಖ ನೀಡುತ್ತದೆ. ವಿಧಾನದ ಹೆಸರು ಮಾತ್ರ ದಾರಿತಪ್ಪಿಸುವಂಥದು. ಕಣಗಳ ನಡುವೆ ಕಿಡಿಯಾಗಲಿ ಪ್ಲಾಸ್ಮಾ ಆಗಲಿ ಉಂಟಾಗುತ್ತದೆಂಬುದಕ್ಕೆ ನಿರ್ವಿವಾದ ಪುರಾವೆ ದೊರೆತಿಲ್ಲ; ವಿದ್ಯುತ್ ಹರಿವಿನ ಶಾಖ ಮತ್ತು ಒತ್ತಡವೇ ಮುಖ್ಯ ಕಾರಣಗಳೆಂದು ಪರಿಗಣಿಸಲಾಗಿದೆ.

2010ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಮಾರ್ಕೊ ಕೊಲೊನ್ಯಾ, ರಿಷಿ ರಾಜ್ ಮತ್ತು ಸಹೋದ್ಯೋಗಿಗಳು ಫ್ಲ್ಯಾಶ್ ಸಿಂಟರಿಂಗ್ ವಿಧಾನವನ್ನು ಪ್ರಕಟಿಸಿದರು. ಇದರಲ್ಲಿ ಸೆರಾಮಿಕ್ ತುಂಡಿಗೆ ನೇರವಾಗಿ ವಿದ್ಯುದ್ವಾರಗಳನ್ನು ಜೋಡಿಸಿ ಕುಲುಮೆಯಲ್ಲಿ ಕಾಯಿಸಲಾಗುತ್ತದೆ. ಸಾಮಾನ್ಯವಾಗಿ ಸುಮಾರು 1,450 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಬೇಕಾದ ಯಿಟ್ರಿಯಾ ಬೆರೆತ ಜಿರ್ಕೋನಿಯಾವು, 850 ಡಿಗ್ರಿ ಉಷ್ಣತೆಯ ಕುಲುಮೆಯಲ್ಲಿ, ಸೆಂಟಿಮೀಟರಿಗೆ 120 ವೋಲ್ಟ್ ಕ್ಷೇತ್ರದ ಅಡಿಯಲ್ಲಿ, 5 ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಗಟ್ಟಿಯಾಯಿತು. ಇಂತಹ ಸೆರಾಮಿಕ್ ಬಿಸಿಯೇರಿದಷ್ಟೂ ವಿದ್ಯುತ್ತನ್ನು ಹೆಚ್ಚು ಹರಿಯಗೊಡುತ್ತದೆ. ಹರಿವು ಹೆಚ್ಚಿದಷ್ಟೂ ಮತ್ತೆ ಬಿಸಿಯೇರುತ್ತದೆ. ಆದುದರಿಂದ ತುಂಡಿನ ಉಷ್ಣತೆಯು ಕುಲುಮೆಯ ಉಷ್ಣತೆಗಿಂತ ಬಹಳ ಮೇಲೇರುತ್ತದೆ. ಕ್ಷೇತ್ರಕ್ಕೆ ಇದರಾಚೆಗೆ ಬೇರೆ ಪಾತ್ರವಿದೆಯೇ ಎಂಬುದು ಚರ್ಚೆಯಲ್ಲಿದೆ. ಹರಿವಿಗೆ ಸಕಾಲದಲ್ಲಿ ಮಿತಿ ಹಾಕದಿದ್ದಲ್ಲಿ ತುಂಡು ಕರಗಿಹೋಗಬಹುದು.

ಅಚ್ಚಿನ ವಿಧಾನದಲ್ಲಿ ಬಿಲ್ಲೆಯಂತಹ ಸರಳ ಆಕಾರಗಳು ಸುಲಭವಾಗಿ ದೊರೆಯುತ್ತವೆ. ಗ್ರಾಫೈಟಿನ ಇಂಗಾಲವು ವಸ್ತುವಿಗೆ ಸೇರುವುದೂ ಉಂಟು, ಪಾರದರ್ಶಕ ಸೆರಾಮಿಕ್‌ಗಳಲ್ಲಿ ಇದು ದೊಡ್ಡ ದೋಷ. ಫ್ಲ್ಯಾಶ್ ವಿಧಾನದಲ್ಲಿ ವಿದ್ಯುತ್ತು ಒಂದೇ ಜಾಡು ಹಿಡಿದು ಹರಿದರೆ ಅಲ್ಲಿ ಮಾತ್ರ ಅತಿಯಾಗಿ ಕಾದು ತುಂಡು ಬಿರುಕು ಬಿಡುತ್ತದೆ. ತುಂಡಿನ ಗಾತ್ರ ಹೆಚ್ಚಿದಂತೆ, ಅದರ ಎಲ್ಲ ಭಾಗಗಳನ್ನೂ ಏಕರೂಪವಾಗಿ ಕಾಯಿಸುವುದು ಎರಡೂ ವಿಧಾನಗಳಲ್ಲಿ ಕಠಿಣವಾಗುತ್ತದೆ.