ದಸರೆಯ ಸಭೆ ಮತ್ತು ವಾಲೀಕಾರನ ಹೊಲ

ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ವಿಷಯ ಬಂದಾಗ ನಮ್ಮ ಚರಿತ್ರೆಕಾರರ ಬರವಣಿಗೆಯಲ್ಲಿ ಒಂದು ಹಿಗ್ಗು ಕಾಣಿಸಿಕೊಳ್ಳುತ್ತದೆ. 1881ರ ಅಕ್ಟೋಬರ್ 7ರಂದು, ದಸರೆ ಮುಗಿದ ಬೆನ್ನಿಗೇ ದಿವಾನ್ ರಂಗಾಚಾರ್ಲು 144 ಮಂದಿಯನ್ನು ಮೈಸೂರಿನಲ್ಲಿ ಕೂಡಿಸಿದರು. ದೇಶೀ ಸಂಸ್ಥಾನವೊಂದರಲ್ಲಿ ಅರಸೊತ್ತಿಗೆ ತನ್ನ ಲೆಕ್ಕವನ್ನು ಪ್ರಜೆಗಳ ಮುಂದೆ ಓದಿದ್ದು ಸಣ್ಣ ಮಾತಲ್ಲ, ಒಪ್ಪುತ್ತೇನೆ. ಆದರೆ ಯಾವ ಪ್ರಜೆಗಳು?

ಆಗ ಚುನಾವಣೆ ಇರಲಿಲ್ಲ. ಲೋಕಲ್ ಫಂಡ್ ಬೋರ್ಡುಗಳು ತಾಲೂಕಿಗೆ ಒಬ್ಬಿಬ್ಬರು ರೈತರನ್ನು ಆರಿಸಿ ಕಳಿಸಬೇಕಿತ್ತು. ಆ ರೈತನಿಗೆ ಸ್ವಂತ ಜಮೀನಿರಬೇಕು, ಜನರಲ್ಲಿ ವರ್ಚಸ್ಸಿರಬೇಕು. ಜೊತೆಗೆ ಜಿಲ್ಲೆಯ ದೊಡ್ಡ ವರ್ತಕರು. 1891ರಲ್ಲಿ ಚುನಾವಣೆ ಬಂದರೂ ಕಂದಾಯ ಕಟ್ಟುವವನದೇ ಮತ. ಅಂದರೆ ಭೂಮಿ ಇದ್ದವನು ಪ್ರಜೆ, ಆ ಭೂಮಿಯಲ್ಲಿ ದುಡಿದವನು ಲೆಕ್ಕಕ್ಕಿಲ್ಲ. ಸಭೆ ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ. ಶಾಸನಬದ್ಧ ಸ್ಥಾನ ಸಿಕ್ಕಿದ್ದೇ 1923ರಲ್ಲಿ. ದಸರೆಗೆ ಅದನ್ನು ಕಟ್ಟಿಹಾಕಿದ್ದರಲ್ಲೇ ಅದರ ಗುಣ ಇದೆ. ಹಬ್ಬಕ್ಕೆ ಕರೆಸಿಕೊಂಡ ಅತಿಥಿ ಮನೆಯ ಯಜಮಾನನನ್ನು ಎಷ್ಟು ಪ್ರಶ್ನಿಸಿಯಾನು? ನಮ್ಮ ಕಡೆ ಹಬ್ಬ ಅಂದರೆ ಹಲಗಿ ಕೇರಿಯವರದು, ಮಾತು ಗೌಡರದು.

ವಿಜಯಪುರದ ಸೊಲ್ಲಾಪುರ ರಸ್ತೆಯ ಬಾಡಿಗೆ ಖೋಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಈ ಪಾಠ ಮಾಡಿದ ದಿನ ತಿಕೋಟಾ ಕಡೆಯ ವಿದ್ಯಾರ್ಥಿಯೊಬ್ಬ ಕೇಳಿದ: ‘ಸರ, ಆವಾಗ ನಾವು ಎಲ್ಲಿದ್ದೆವ್ರಿ?’

ನಾವು ಮುಂಬಯಿ ಇಲಾಖೆಯಲ್ಲಿದ್ದೆವು. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯ ಕೆಳಗೆ ಇದ್ದೆವು. ಊರಿನ ಕೆಳ ಚಾಕರಿಯವನಿಗೆ ತುಂಡು ವತನದ ಹೊಲ, ಸುಗ್ಗಿಯಲ್ಲಿ ಊರವರು ಅಳೆದು ಹಾಕುವ ಆಯ. ಅದಕ್ಕೆ ಬದಲಾಗಿ ಹೊತ್ತಿಲ್ಲ ಗೊತ್ತಿಲ್ಲ, ಸರಕಾರದ ಟಪಾಲು ಒಯ್ಯಬೇಕು, ಸಾಹೇಬ ಬಂದರೆ ಮುಂದೆ ಓಡಬೇಕು. ಅವನು ಇಲ್ಲದಿದ್ದರೆ ಮನೆಮಂದಿ ಯಾರಾದರೂ ಹೋಗಬೇಕು. ವಾಲೀಕಾರ ಅನ್ನೋ ಅಡ್ಡಹೆಸರು ಈ ಸೀಮೆಯಲ್ಲಿ ಇನ್ನೂ ಉಳಿದಿದೆ.

ಮುಂಬಯಿ ವಿಧಾನ ಪರಿಷತ್ತಿಗೆ 1927ರಲ್ಲಿ ಬಾಬಾಸಾಹೇಬರು ಬಂದದ್ದೂ ನಾಮಕರಣದಿಂದಲೇ. ಆದರೆ ಅವರು ಅಲ್ಲಿ ಅತಿಥಿಯಾಗಿ ಕೂಡಲಿಲ್ಲ. 1928ರ ಮಾರ್ಚ್ 19ರಂದು ಇದೇ 1874ರ ಕಾಯ್ದೆಗೆ ತಿದ್ದುಪಡಿ ಮಸೂದೆ ಮಂಡಿಸಿದರು. ಪೂರ್ತಿ ಕಂದಾಯ ಕಟ್ಟಿ ಹೊಲ ಉಳಿಸಿಕೊಂಡು ಚಾಕರಿಯಿಂದ ಬಿಡುಗಡೆ ಪಡೆಯುವ ಹಕ್ಕು, ಆಯದ ಕಾಳಿನ ಬದಲು ರೊಕ್ಕ, ಕೆಲಸಕ್ಕೊಂದು ಮಿತಿ — ಕೇಳಿದ್ದು ಇಷ್ಟೇ. ದೇವಸ್ಥಾನ ಪ್ರವೇಶದ ಬಗ್ಗೆ ಕಣ್ಣೀರು ಹಾಕುತ್ತಿದ್ದ ಕಾಲದ ಸುಧಾರಕರಿಗೆ ಇಂಥ ಲೆಕ್ಕದ ಮಾತು ರುಚಿಸುವುದು ಕಷ್ಟವಿತ್ತು. ಮಸೂದೆ ಆಯ್ಕೆ ಸಮಿತಿಗೆ ಹೋಗಿ ಕೈಕಾಲು ಮುರಿದುಕೊಂಡು ಬಂತು. 1929ರಲ್ಲಿ ಅವರೇ ಹಿಂದಕ್ಕೆ ಪಡೆದರು.

ನಮ್ಮ ವಿಮರ್ಶೆ ಈ ಸೋತ ಮಸೂದೆಯನ್ನು ಸಾಹಿತ್ಯದಷ್ಟೇ ಗಂಭೀರವಾಗಿ ಓದಬೇಕು ಅನ್ನುವುದು ನನ್ನ ವಾದ. ದಸರೆಯ ಸಭೆಯಲ್ಲಿ ಮಾತು ಅಹವಾಲಾಗಿ ಮುಗಿಯುತ್ತಿತ್ತು. ಇಲ್ಲಿ ಕೇರಿಯ ಮನುಷ್ಯನ ದಿನದ ದುಡಿಮೆ ಮೊದಲ ಸಲ ಕಲಮುಗಳಾಗಿ ಸದನದ ಮೇಜಿನ ಮೇಲೆ ಬಿತ್ತು. ‘ನಮ್ಮನ್ನೂ ಒಳಗೆ ಕರೀರಿ’ ಅನ್ನುವುದು ಬೇರೆ, ‘ಈ ಕಲಂ ತೆಗೀರಿ’ ಅನ್ನುವುದು ಬೇರೆ.

1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಯಿತು, ಜಾರಿಗೆ ಬಂದದ್ದು 1963ರ ಫೆಬ್ರವರಿ 1ಕ್ಕೆ. ಅಂಬೇಡ್ಕರರ ಮಸೂದೆಯಿಂದ ಲೆಕ್ಕ ಹಾಕಿದರೆ ಸುಮಾರು 35 ವರ್ಷ. ಚಾಕರಿ ಹೋಯಿತು. ಹೊಲ ಸರಕಾರಕ್ಕೆ ಸೇರಿ, ಮತ್ತೆ ವಾಲೀಕಾರನ ಹೆಸರಿಗೆ ಮಂಜೂರಾಗಬೇಕಾದರೆ ರೊಕ್ಕ ತುಂಬಬೇಕಿತ್ತು. ಹಾಗೆ ಸಿಕ್ಕ ಹೊಲವನ್ನು 15 ವರ್ಷ ಮಾರಬಾರದು ಅನ್ನುವ ನಿರ್ಬಂಧ ಸೇರಿದ್ದು 1978ರಲ್ಲಿ.